ಅಂಗೈಯಲ್ಲಿ ಎರಡು ಲಿಂಗ

ಗೋವಿಂದರಾಜನಗರದ ಕಲ್ಯಾಣಮ್ಮ ಪೊಲೀಸರಿಗೆ ಹೆದರಿದವಳಲ್ಲ. ಬಿನ್ನಿಪೇಟೆಯಲ್ಲಿ ಮಿಲ್ಲಿನ ಗೇಟಿಗೆ ಬೀಗ ಬಿದ್ದ ವರ್ಷ, ಗಂಡಸರು ಟೀ ಕುಡಿಯುತ್ತ ಮುಂದೇನು ಎಂದು ಚರ್ಚೆ ಮಾಡುತ್ತಿದ್ದಾಗ, ಕಂಕುಳಲ್ಲಿ ಕೂಸು ಇಟ್ಟುಕೊಂಡು ರಸ್ತೆಗೆ ಅಡ್ಡ ಕೂತ ಹೆಂಗಸರಲ್ಲಿ ಈಕೆ ಮೊದಲನೇ ಸಾಲಿನವಳು. ವ್ಯಾನಿಗೆ ಹತ್ತಿಸಲು ಪೇದೆಯೊಬ್ಬ ತೋಳು ಹಿಡಿದರೆ, "ಕೈ ಬಿಡಪ್ಪ, ಹತ್ತೋದು ನಂಗೊತ್ತು" ಅಂದು ತಾನೇ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಿದ್ದಳು. ಅಂಥವಳು ಹೋದ ವರ್ಷ ಎರಡು ತಿಂಗಳು ತನ್ನದೇ ಎಡ ಅಂಗೈಗೆ ಹೆದರಿಕೊಂಡು ಬದುಕಿದಳು.

ಅವಳದು ಹೊಸದುರ್ಗದ ಕಡೆಯ ಲಿಂಗವಂತರ ಮನೆ. ಎಂಟನೇ ವಯಸ್ಸಿಗೆ ಕೊರಳಿಗೆ ಲಿಂಗ ಬಿದ್ದ ದಿನದಿಂದ ಐವತ್ತೈದನೇ ವಯಸ್ಸಿನವರೆಗೆ ಒಂದು ಬೆಳಿಗ್ಗೆಯೂ ಪೂಜೆ ತಪ್ಪಿಸಿದವಳಲ್ಲ. ಸ್ನಾನ, ವಿಭೂತಿ, ಆಮೇಲೆ ಬೆಳ್ಳಿಯ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಹೊಡೆಯದೆ ನೋಡುತ್ತ ಕೂರುವುದು. ಸೋಮವಾರ ಸಂಜೆ ಅವಳ ಮನೆಯ ನಡುಮನೆಯಲ್ಲಿ ಸುತ್ತಮುತ್ತಲಿನ ಹತ್ತು ಹನ್ನೆರಡು ಹೆಂಗಸರು ಸೇರಿ ಒಟ್ಟಿಗೆ ಪೂಜೆ ಮಾಡುತ್ತಿದ್ದರು. ಆ ಬಳಗದಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಬರೆಯುವವಳು ಗುರುದೇವಿ, ರಿಟೈರಾದ ಸ್ಕೂಲ್ ಮೇಡಂ.

ಕಾಯಿಲೆ ಕಣ್ಣಿನಿಂದ ಶುರುವಾಗಲಿಲ್ಲ. ಮೊದಲು ಮೈ ಇಳಿಯಿತು. ಮೂರು ತಿಂಗಳಿಗೆ ಎಂಟು ಕೆಜಿ. ಫ್ಯಾನಿನ ಕೆಳಗೆ ಕೂತರೂ ಬೆವರು. ಎದೆ ಡವಡವ. ಲೋಟ ಎತ್ತಿದರೆ ಟೀ ಸಾಸರಿಗೆ ಚೆಲ್ಲುವಷ್ಟು ಕೈ ನಡುಕ. "ಮುಟ್ಟು ನಿಲ್ಲೋ ಕಾಲದಲ್ಲಿ ಹಿಂಗೇ" ಎಂದು ನೆರೆಯವರು ಹೇಳಿದರು. ಹೆಂಗಸಿಗೆ ಏನಾದರೂ ಅದಕ್ಕೇ ಕಟ್ಟಿಬಿಡುವುದು ನಮ್ಮಲ್ಲಿ ಹಳೇ ರೋಗ. ಕಡೆಗೆ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟಾಗ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದು ತಿಳಿಯಿತು. ಮಾತ್ರೆ ಕೊಟ್ಟ ಡಾಕ್ಟರ್ ಅವಳ ಮುಖ ದಿಟ್ಟಿಸಿ ನೋಡಿ, ಚೀಟಿಯ ಕೆಳಗೆ ಒಂದು ಸಾಲು ಬರೆದರು: ಕಣ್ಣಿನ ಡಾಕ್ಟರಿಗೆ ತಪ್ಪದೆ ತೋರಿಸಿ.

ಆ ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿತು. ಮಾತ್ರೆಯನ್ನೇನೋ ಸರಿಯಾಗಿ ನುಂಗಿದಳು. ಮೈ ತುಂಬಿಕೊಂಡಿತು, ನಡುಕ ನಿಂತಿತು, ರಕ್ತದ ರಿಪೋರ್ಟು ಸರಿ ಬಂತು. ಥೈರಾಯ್ಡ್ ಇರುವುದು ಕತ್ತಿನಲ್ಲಿ. ಕತ್ತಿನದು ವಾಸಿಯಾದ ಮೇಲೆ ಕಣ್ಣಿಗೇನು ಎನ್ನುವುದು ಅವಳ ಲೆಕ್ಕ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅಷ್ಟರಲ್ಲಿ ಅವಳ ಕಣ್ಣು ಬದಲಾಗಿತ್ತು. ಮೇಲಿನ ರೆಪ್ಪೆ ಹಿಂದಕ್ಕೆ ಸರಿದು, ಕರಿಗುಡ್ಡೆಯ ಮೇಲೆ ಬಿಳಿಯ ಗೆರೆ ಕಾಣುತ್ತಿತ್ತು. ಗುಡ್ಡೆ ಮುಂದಕ್ಕೆ ಬಂದಿತ್ತು. ರೆಪ್ಪೆ ಹೊಡೆಯುವುದು ತೀರ ಕಡಿಮೆ. ಬೇರೆ ಯಾವ ಬೀದಿಯಲ್ಲಾದರೂ "ಇದೇನ್ರೀ ಕಣ್ಣು ಹಿಂಗಾಗಿದೆ" ಎಂದು ಯಾರಾದರೂ ಕೇಳಿರುತ್ತಿದ್ದರು. ಇಲ್ಲಿ ಕೇಳಿದ್ದು ಬೇರೆ.

"ಅಕ್ಕನ ದೃಷ್ಟಿ ನೋಡ್ರೇ! ಕಾಲು ಗಂಟೆ ಆಯ್ತು, ರೆಪ್ಪೆನೇ ಹೊಡೀಲಿಲ್ಲ. ನಮಗೆ ಎರಡು ನಿಮಿಷಕ್ಕೇ ನೀರು ಬರುತ್ತೆ" ಎಂದಳು ಗುರುದೇವಿ, ಒಂದು ಸೋಮವಾರ.

"ನಲವತ್ತೇಳು ವರ್ಷದ ಪೂಜೆ ಕಣೇ. ಸುಮ್ನೇನಾ?" ಎಂದಿತು ಇನ್ನೊಂದು ದನಿ.

ಮುಂದಿನ ವಾರ ಹಾಜರಿ ಹದಿನೆಂಟಕ್ಕೆ ಏರಿತು. ಶ್ರೀಗಂಧದ ಕಾವಲು ಬಡಾವಣೆಯಿಂದ ಯಾರೋ ಇಬ್ಬರು ಆಟೋ ಮಾಡಿಕೊಂಡು ಬಂದರು. ಕೂಸಿಗೆ ವಿಭೂತಿ ಹಚ್ಚಿಸಿಕೊಂಡರು. ಕಾಲಿಗೆ ಬಿದ್ದರು. ಕಲ್ಯಾಣಮ್ಮ ಬೇಡ ಬೇಡ ಎನ್ನುತ್ತಲೇ ಕಾಲು ಚಾಚಿದಳು. ಇದನ್ನು ಅವಳೇ ನನಗೆ ಹೇಳಿದ್ದು. "ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿತ್ತು" ಅಂದಳು.

ಹಿತ್ತಿಲ ಬಾಗಿಲಲ್ಲಿ ಸಿಗರೇಟು ಸೇದುತ್ತ ಕೂತ ಗಂಡ ಜಂಬಣ್ಣನಿಗೆ ಮಾತ್ರ ಈ ಕಳೆ ಕಾಣಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ ಮನೆ ನಡೆಸಿದ ಮನುಷ್ಯ. "ಲೇ, ನೀನು ಮಲಗಿದ್ರೂ ಎಡಗಣ್ಣು ಅರ್ಧ ತೆರೆದೇ ಇರುತ್ತಲ್ಲೇ. ಬೆಳಿಗ್ಗೆ ಎದ್ದು ಪಕ್ಕಕ್ಕೆ ತಿರುಗಿದ್ರೆ ನೀನು ನನ್ನೇ ನೋಡ್ತಿರ್ತೀಯ. ಎದೆ ಝಲ್ ಅನ್ನುತ್ತೆ."

"ನಿಮಗೆ ಬೆಳಿಗ್ಗೆ ಎದ್ದರೆ ಹೆಂಡತಿ ಮುಖ ನೋಡಕ್ಕಾಗಲ್ಲ ಅನ್ನಿ" ಎಂದು ಅವಳು ಮುಚ್ಚಿಹಾಕಿದಳು.

ಶ್ರಾವಣದ ಒಂದು ಬೆಳಿಗ್ಗೆ ಅದು ನಡೆಯಿತು. ಅಂಗೈ ಎತ್ತಿ ಹಿಡಿದಳು. ಅಂಗೈಯಲ್ಲಿ ಎರಡು ಲಿಂಗ.

ಒಂದರ ನೆತ್ತಿಯ ಮೇಲೆ ಇನ್ನೊಂದು, ಸ್ವಲ್ಪ ಓರೆ. ಎರಡೂ ಕಪ್ಪು, ಎರಡರ ಮೇಲೂ ಹೊಳಪು. ಕೈ ಕೆಳಗಿಳಿಸಿದಳು, ಮತ್ತೆ ಎತ್ತಿದಳು. ಎರಡೇ. ಕೈ ಒದ್ದೆಯಾಗಿ ಲಿಂಗ ಜಾರೀತು ಎನ್ನಿಸಿ ಮುಷ್ಟಿ ಕಟ್ಟಿಕೊಂಡಳು. ನಮ್ಮ ನಿಮ್ಮಂಥವರಿಗೆ ಒಂದು ಎರಡಾಗಿ ಕಂಡರೆ ಕನ್ನಡಕದ ಅಂಗಡಿ ನೆನಪಾಗುತ್ತದೆ. ದೇವರು ಒಬ್ಬನೇ, ಅವನೂ ಗುಡಿಯಲ್ಲಿಲ್ಲ, ಈ ಅಂಗೈಯಲ್ಲಿದ್ದಾನೆ ಎಂದು ನಂಬಿ ಬೆಳೆದ ಹೆಂಗಸಿಗೆ ಅದೇ ಅಂಗೈಯಲ್ಲಿ ಎರಡು ಕಂಡರೆ ಏನು ನೆನಪಾಗಬೇಕು? ತಾನು ಏನೋ ಅಪಚಾರ ಮಾಡಿದ್ದೇನೆ ಎಂದೇ. ಕಾಲು ಚಾಚಿದ್ದು ನೆನಪಾಯಿತು.

ಯಾರಿಗೆ ಹೇಳುವುದು? ಬಳಗಕ್ಕೆ ಹೇಳಿದರೆ, ದಿಟ್ಟಿ ನೆಟ್ಟ ಅಕ್ಕನಿಗೆ ದೇವರೇ ಎರಡಾಗಿದ್ದಾನೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಗಂಡನಿಗೆ ಹೇಳಿದರೆ ನಗುತ್ತಾನೆ. ದಾರಿ ಅವಳೇ ಕಂಡುಕೊಂಡಳು. ಒಂದು ಕಣ್ಣು ಮುಚ್ಚಿದರೆ ಲಿಂಗ ಒಂದೇ ಆಗುತ್ತಿತ್ತು. ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿಯುತ್ತಿರಲಿಲ್ಲ, ಹಾಗಾಗಿ ಮುಚ್ಚಿಕೊಳ್ಳುತ್ತಿದ್ದದ್ದು ಯಾವಾಗಲೂ ಬಲಗಣ್ಣನ್ನು. ಸೆರಗನ್ನು ಬಲಗಡೆ ಹಣೆಯವರೆಗೆ ಎಳೆದುಕೊಂಡು, ಅದರ ಮರೆಯಲ್ಲಿ ಒಂದು ಕಣ್ಣು ಮುಚ್ಚಿ ಪೂಜೆ ಮಾಡಿದಳು. ಮುಂದಿನ ಸೋಮವಾರ ನಾಲ್ಕು ಹೆಂಗಸರು ಅದೇ ರೀತಿ ಸೆರಗು ಎಳೆದುಕೊಂಡು ಕೂತಿದ್ದರು. ಅಕ್ಕನ ಪದ್ಧತಿ!

ಪೂಜೆಯಲ್ಲಿ ಶುರುವಾದದ್ದು ಬೀದಿಗೂ ಬಂತು. ಮಾಗಡಿ ರಸ್ತೆ ದಾಟುವಾಗ ಒಂದು ಬಸ್ಸು ಎರಡಾಗಿ ಬರುತ್ತಿತ್ತು. ಯಾವುದು ತನ್ನ ಮೇಲೆ ಬರುವುದು ಎಂದು ಗೊತ್ತಾಗದೆ ಡಿವೈಡರಿನ ಮೇಲೆ ಗಟ್ಟಿಯಾಗಿ ನಿಂತುಬಿಡುತ್ತಿದ್ದಳು. ಬಲಗಣ್ಣು ಮುಚ್ಚಿಕೊಂಡರೆ ದಾಟಬಹುದಿತ್ತು. ಆದರೆ ಎಡಗಣ್ಣಿನ ಲೋಕ ದಿನೇ ದಿನೇ ಮಬ್ಬಾಗುತ್ತಿತ್ತು. ವಯಸ್ಸು ಅಂದುಕೊಂಡಳು. ಕಣ್ಣು ಹೊರಳಿಸಿದರೆ ಹಿಂದುಗಡೆ ನೋವು. ನಿದ್ದೆ ಕಡಿಮೆ ಅಂದುಕೊಂಡಳು. ಹೆದರಿದವರಿಗೆ ಕಾರಣಗಳು ಬೇಗ ಸಿಗುತ್ತವೆ.

ಬೀದಿಯ ಮೂಲೆಯಲ್ಲಿ ಯಶೋದಮ್ಮನ ಹೂವಿನ ಗಾಡಿ. ಮೂವತ್ತು ವರ್ಷದಿಂದ ಅಲ್ಲೇ. ಪೂಜೆಗೆ ಕೆಂಪು ಕಣಗಿಲೆ ದಿನವೂ ಅವಳಿಂದಲೇ. ಆಶ್ವಯುಜದ ಹೊತ್ತಿಗೆ ಇಬ್ಬರಿಗೂ ಜಗಳ ಶುರುವಾಯಿತು.

"ಏನಮ್ಮ ಇದು? ನಿನ್ನೇದೂ ಹಿಂಗೇ, ಇವತ್ತೂ ಹಿಂಗೇ. ಮಣ್ಣಿನ ಬಣ್ಣ ಬಂದಿದೆ. ದೇವರಿಗೆ ಬಾಡಿದ್ದು ಕೊಡ್ತೀಯಲ್ಲ" ಎಂದಳು ಕಲ್ಯಾಣಮ್ಮ, ಹೂವನ್ನು ಗಾಡಿಯ ಮೇಲೆ ಎಸೆದು.

ಯಶೋದಮ್ಮ ಸೊಂಟಕ್ಕೆ ಕೈ ಇಟ್ಟಳು. "ಬಾಡಿದ್ದಾ? ಬೆಳಿಗ್ಗೆ ನಾಕು ಗಂಟೆಗೆ ಮಾರ್ಕೆಟ್ಟಿಂದ ತಂದಿದೀನಿ ಕಣಮ್ಮ! ಮೇಲೆ ನೀರು ಇನ್ನೂ ಆರಿಲ್ಲ. ಕಣ್ಣು ಅಷ್ಟಗಲ ಬಿಟ್ಕೊಂಡು ನೋಡ್ತೀರ, ಕೆಂಪು ಕಾಣಲ್ವಾ?"

"ಕೆಂಪು ಎಲ್ಲಿದೆ? ಇಟ್ಟಿಗೆ ಪುಡಿ ಥರ ಇದೆ."

ಯಶೋದಮ್ಮ ಬಾಯಿ ಜೋರಿನ ಹೆಂಗಸು. ಮಾತಿಗೆ ಮಾತು ಬರಬೇಕಿತ್ತು. ಬರಲಿಲ್ಲ. ಎದುರಿಗಿದ್ದವಳು ಬಲಗಣ್ಣು ಮುಚ್ಚಿಕೊಂಡು ನೋಡುತ್ತಿದ್ದುದನ್ನು ಅವಳು ಅಂದು ಮೊದಲ ಸಲ ಗಮನಿಸಿದಳು. ಯಶೋದಮ್ಮನ ಅಪ್ಪನಿಗೆ ಕಣ್ಣಿನ ನರ ಸತ್ತು ಒಂದು ಕಣ್ಣು ಹೋಗಿತ್ತು. ಆಸ್ಪತ್ರೆಯಲ್ಲಿ ನರ್ಸು ಔಷಧಿ ಸೀಸೆಯ ಕೆಂಪು ಮುಚ್ಚಳ ಹಿಡಿದು ಒಂದೊಂದೇ ಕಣ್ಣಿಗೆ ತೋರಿಸಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ಅದೇ ಕಣಗಿಲೆಯನ್ನು ಎತ್ತಿ ಕಲ್ಯಾಣಮ್ಮನ ಮುಖದ ಮುಂದೆ ಹಿಡಿದಳು.

"ಆ ಕಣ್ಣು ತೆಗೀರಿ. ಈ ಕಣ್ಣು ನಾನು ಮುಚ್ತೀನಿ." ಹೂವು ಮುಟ್ಟಿ ತಣ್ಣಗಾದ ಅಂಗೈ ಕಲ್ಯಾಣಮ್ಮನ ಎಡಗಣ್ಣಿನ ಮೇಲೆ ಬಂತು. "ಈಗ ಹೇಳಿ. ಏನ್ ಬಣ್ಣ?"

ಬಲಗಣ್ಣಿಗೆ ಹೂವು ಧಗ್ಗೆಂದು ಕೆಂಪಗೆ ಕಂಡಿತು. ಯಶೋದಮ್ಮ ಕೈಯನ್ನು ಬಲಗಣ್ಣಿಗೆ ಬದಲಿಸಿದಳು. ಕೆಂಪು ಆರಿಹೋಗಿ ಮಣ್ಣಾಯಿತು. ಮತ್ತೆ ಈಚೆ. ಕೆಂಪು. ಮತ್ತೆ ಆಚೆ. ಮಣ್ಣು.

"ಬಾಡಿರೋದು ಹೂವಲ್ಲಮ್ಮ" ಎಂದಳು ಯಶೋದಮ್ಮ, ದನಿ ಇಳಿಸಿ. "ನಮ್ಮಪ್ಪಂದು ಹಿಂಗೇ ಶುರುವಾಗಿದ್ದು. ಇವತ್ತೇ ಹೋಗಿ. ನಾಳೆ ಅನ್ನಬೇಡಿ."

ಕಲ್ಯಾಣಮ್ಮ ಹೂವಿನ ಗಾಡಿಯ ಅಂಚು ಹಿಡಿದುಕೊಂಡಳು. ಅಷ್ಟು ದಿನದ ಹೆದರಿಕೆ ದೇವರದಾಗಿತ್ತು. ತಪ್ಪುಕಾಣಿಕೆ ಕಟ್ಟಿದರೆ ಕಳೆಯಬಹುದಾದ ಹೆದರಿಕೆ. ಇದು ಬೇರೆ. ಇದಕ್ಕೆ ಕಾಣಿಕೆ ಇಲ್ಲ. ಎಡಗಣ್ಣು ಸಾಯುತ್ತಿದೆ, ಮತ್ತು ಎರಡು ತಿಂಗಳಿಂದ ತಾನು ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡು ಸಾಯುವ ಕಣ್ಣಿನಲ್ಲಿ ನೋಡುತ್ತಿದ್ದೇನೆ.

ಜಂಬಣ್ಣ ಅಂಗಡಿಗೆ ರಜೆ ಹೇಳಿ ಬಂದ. ದೊಡ್ಡ ಕಣ್ಣಿನಾಸ್ಪತ್ರೆಯಲ್ಲಿ ಮೂರು ಕಡೆ ಸಾಲು ನಿಂತು, ಕಡೆಗೆ ಚೈತನ್ಯಾ ಎನ್ನುವ ಚಿಕ್ಕ ವಯಸ್ಸಿನ ಡಾಕ್ಟರ ಮುಂದೆ ಕೂತರು. ಆಕೆ ಕಣ್ಣಿಗೆ ಬೆಳಕು ಬಿಟ್ಟು, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಅಕ್ಷರ ಓದಿಸಿದರು. ಎಡಗಣ್ಣಿಗೆ ದೊಡ್ಡ ಅಕ್ಷರದ ಮೊದಲ ಸಾಲು ಬಿಟ್ಟರೆ ಏನೂ ಕಾಣಲಿಲ್ಲ.

"ಎರಡೆರಡು ಕಾಣುತ್ತಾ ಅಮ್ಮ?"

ಕಲ್ಯಾಣಮ್ಮ ಗಂಡನ ಕಡೆ ನೋಡಿದಳು. ಎರಡು ತಿಂಗಳು ಬಾಯಿಗೆ ಬಾರದ ಮಾತು ಗುರುತಿಲ್ಲದ ಹುಡುಗಿಯ ಮುಂದೆ ಬಂತು. "ಲಿಂಗ ಎರಡು ಕಾಣುತ್ತೆ."

ಡಾಕ್ಟರ್ ನಗಲಿಲ್ಲ. "ಬೆಳಿಗ್ಗೆ ಹೊತ್ತು ಜಾಸ್ತಿ, ಅಲ್ವಾ? ಎಲ್ಲರಿಗೂ ಏನೋ ಒಂದು ಎರಡಾಗಿ ಕಾಣುತ್ತೆ. ಹೋದ ವಾರ ಒಬ್ಬರಿಗೆ ಅತ್ತೆ ಎರಡಾಗಿದ್ರು" ಎಂದು, ಕಾಗದದ ಮೇಲೆ ಆಲಿಕೆಯಂಥ ಚಿತ್ರ ಬರೆದು ತೋರಿಸಿದರು. ಕಣ್ಣುಗುಡ್ಡೆ ಕೂತಿರುವುದು ಮೂಳೆಯ ಗೂಡಿನಲ್ಲಿ. ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಮೈಯ ರಕ್ಷಣಾಪಡೆಯೇ ದಾರಿ ತಪ್ಪಿ ಕಣ್ಣಿನ ಹಿಂದಿನ ಸ್ನಾಯು, ಕೊಬ್ಬಿನ ಮೇಲೂ ಬೀಳುತ್ತದೆ. ಅವು ಊದಿಕೊಳ್ಳುತ್ತವೆ. ಮೂಳೆಯ ಗೂಡು ಹಿಗ್ಗುವುದಿಲ್ಲ. ಹಾಗಾಗಿ ಗುಡ್ಡೆ ಮುಂದಕ್ಕೆ ಬರುತ್ತದೆ, ಸ್ನಾಯು ಬಿಗಿದು ಎರಡು ಕಣ್ಣು ಜೊತೆಯಾಗಿ ಹೊರಳುವುದಿಲ್ಲ. ತೀರ ಕೆಲವರಿಗೆ ಹಿಂದಿನ ತುದಿಯಲ್ಲಿ ದೃಷ್ಟಿಯ ನರವೇ ಹಿಸುಕಿಕೊಳ್ಳುತ್ತದೆ. ಬಣ್ಣ ಮಂಕಾಗುವುದು ಅದರ ಗುರುತು.

"ಥೈರಾಯ್ಡ್ ರಿಪೋರ್ಟು ನಾರ್ಮಲ್ ಅಂದ್ರಲ್ಲ ಮೇಡಂ?" ಎಂದ ಜಂಬಣ್ಣ.

"ಅದು ನಾರ್ಮಲ್ ಇದ್ರೂ ಇದು ತನ್ನ ಪಾಡಿಗೆ ಮುಂದುವರಿಯಬಹುದು. ಅದನ್ನ ಹತೋಟಿಯಲ್ಲಿ ಇಡಲೇಬೇಕು, ಮಾತ್ರೆ ನಿಲ್ಲಿಸಬಾರದು. ಆದ್ರೆ ಕಣ್ಣನ್ನ ಬೇರೆಯಾಗಿ ನೋಡ್ಬೇಕು. ಮನೇಲಿ ಸಿಗರೇಟ್ ಯಾರು ಸೇದ್ತಾರೆ?"

ಜಂಬಣ್ಣ ಗೋಡೆಯ ಮೇಲಿನ ಕಣ್ಣುದಾನದ ಪೋಸ್ಟರ್ ಓದತೊಡಗಿದ.

"ಇವರೇ" ಎಂದಳು ಕಲ್ಯಾಣಮ್ಮ.

"ಹೊಗೆಗೂ ಈ ಕಾಯಿಲೆಗೂ ಬಹಳ ಸ್ನೇಹ ಸಾರ್. ಪಕ್ಕದವರ ಹೊಗೇನೂ ಒಳ್ಳೇದಲ್ಲ. ಇವತ್ತೇ ಅಡ್ಮಿಟ್ ಮಾಡ್ತೀನಿ. ಮೂರು ದಿನ ಸ್ಟೀರಾಯ್ಡ್ ಡ್ರಿಪ್. ನರದ ಮೇಲಿನ ಊತ ಇಳಿದ್ರೆ ಸರಿ. ಇಳೀಲಿಲ್ಲ ಅಂದ್ರೆ ಆಪರೇಷನ್, ಗೂಡಿನ ಒಂದು ಗೋಡೆ ತೆಗೆದು ಜಾಗ ಮಾಡ್ಬೇಕು."

"ತೆಗೆದ್ರೆ ಕಣ್ಣು ಬರುತ್ತಾ?"

"ಎಷ್ಟು ಬರುತ್ತೆ ಅಂತ ಈಗ ಹೇಳಕ್ಕಾಗಲ್ಲ ಅಮ್ಮ. ಬಿಟ್ರೆ ಹೋಗುತ್ತೆ, ಅದನ್ನ ಹೇಳಬಲ್ಲೆ."

ಸಂಜೆ ಸ್ಕ್ಯಾನ್ ಕೋಣೆಯಲ್ಲಿ ಇನ್ನೊಂದು ಪೇಚು. ಕೊರಳಲ್ಲಿರುವ ಲೋಹವೆಲ್ಲ ತೆಗೆಯಿರಿ ಎಂದ ಟೆಕ್ನೀಷಿಯನ್. ಸರ, ಓಲೆ ಬಿಚ್ಚಿಕೊಟ್ಟಳು. ಕರಡಿಗೆಯ ಮೇಲೆ ಕೈ ಇಟ್ಟು ನಿಂತುಬಿಟ್ಟಳು. ಲಿಂಗ ಮೈ ಬಿಡಬಾರದು. ಹೆರಿಗೆಯಲ್ಲಿ ಬಿಟ್ಟಿಲ್ಲ, ಸತ್ತರೂ ಜೊತೆಗೇ ಮಣ್ಣಿಗೆ ಹೋಗಬೇಕು. ಅದರಲ್ಲೂ ಇಂಥ ಹೊತ್ತಿನಲ್ಲಿ, ದೇವರೇ ಮುನಿದಿದ್ದಾನೋ ಏನೋ ಎನ್ನುವ ಅನುಮಾನ ಇನ್ನೂ ಪೂರ್ತಿ ಹೋಗಿರದಾಗ, ಬಿಚ್ಚಿ ಸ್ಟೀಲ್ ಟ್ರೇಯಲ್ಲಿ ಇಡುವುದೆಂದರೆ?

"ಆಂಟಿ, ಹಿಂದೆ ಹನ್ನೊಂದು ಜನ ಇದಾರೆ" ಎಂದ ಟೆಕ್ನೀಷಿಯನ್.

"ಸ್ಕ್ಯಾನೇ ಬೇಡ" ಎಂದಳು.

ಉಪಾಯ ಹೊಳೆದದ್ದು ಜಂಬಣ್ಣನಿಗೆ. ತನ್ನ ಲಿಂಗವನ್ನು ಮದುವೆಯಾದ ವರ್ಷವೇ ಟ್ರಂಕಿಗೆ ಸೇರಿಸಿದ್ದ ಆಸಾಮಿ ಟೆಕ್ನೀಷಿಯನ್ ಕಡೆ ತಿರುಗಿದ. "ನಿಂಗೆ ಬೇಡದ್ದು ಲೋಹ ತಾನೇ ಮಗಾ? ಬಟ್ಟೇಲಿ ಸುತ್ತಿ ಸೊಂಟಕ್ಕೆ ಕಟ್ಟಿದ್ರೆ? ನೀನು ಫೋಟೋ ತೆಗಿಯೋದು ತಲೇದು."

"ತೊಂದ್ರೆ ಇಲ್ಲ ಅಂಕಲ್. ಬೇಗ ಮಾಡಿ."

ಕರಡಿಗೆ ಮಾತ್ರ ಜಂಬಣ್ಣನ ಜೇಬಿಗೆ ಹೋಯಿತು. ಅವನ ಕರ್ಚೀಫು ಸಿಗರೇಟು ನಾರುತ್ತಿತ್ತು, ಆದ್ದರಿಂದ ಆಕೆ ಸೆರಗಿನ ಅಂಚನ್ನೇ ಹರಿದು ಸುತ್ತಿ ಕಟ್ಟಿಕೊಂಡಳು. ಯಂತ್ರದ ಒಳಗೆ ಮಲಗಿದ್ದಷ್ಟು ಹೊತ್ತೂ ಬಲಗೈ ಸೊಂಟದ ಮೇಲೇ ಇತ್ತು.

ಮೂರು ದಿನ ಡ್ರಿಪ್ ಇಳಿಯಿತು. ಸಕ್ಕರೆ ಏರಿತು, ಬಾಯೆಲ್ಲ ಕಹಿ, ನಿದ್ದೆ ಇಲ್ಲ. ಬೆಳಿಗ್ಗೆ ನರ್ಸು ಬಂದು ಅಕ್ಷರ ಓದಿಸುತ್ತಿದ್ದಳು. ಮೊದಲ ದಿನ ಒಂದು ಸಾಲು. ಎರಡನೇ ದಿನ ಒಂದು ಸಾಲು. ಮೂರನೇ ದಿನವೂ ಒಂದೇ. ತಾನು ಕಷ್ಟಪಟ್ಟರೆ ಕಂಡೀತು ಎಂದು ಕಣ್ಣನ್ನು ಇನ್ನೂ ಅಗಲಿಸಿ ನೋಡಿದಳು. ನೀರು ಸುರಿಯಿತು ಅಷ್ಟೆ. ಆಪರೇಷನ್ ಸೋಮವಾರವೇ ಎಂದರು ಡಾಕ್ಟರ್. ಎರಡು ಕಾಣುವುದು ಅದರಿಂದ ವಾಸಿಯಾಗುವುದಿಲ್ಲ, ಹೆಚ್ಚಿದರೂ ಹೆಚ್ಚಬಹುದು, ಅದಕ್ಕೆ ಕಾಯಿಲೆ ತಣ್ಣಗಾದ ಮೇಲೆ ಬೇರೆ ದಾರಿ. ಈಗ ಉಳಿಸಬೇಕಾದ್ದು ನರ ಎಂದು ಬಿಡಿಸಿ ಹೇಳಿದರು. ಕಾಗದಕ್ಕೆ ಸಹಿ ಹಾಕುವಾಗ ಗೆರೆ ಎರಡಾಗಿ ಕಂಡು, ಎಲ್ಲಿ ಹಾಕುವುದು ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದಳು. ಎಸ್ಸೆಸ್ಸೆಲ್ಸಿ ಓದಿದ ಹೆಂಗಸು.

ಭಾನುವಾರ ಮಧ್ಯಾಹ್ನ ಬಳಗದವರು ನೋಡಲು ಬಂದರು. ಗುರುದೇವಿ ಮುಂದೆ. ಹಣ್ಣಿನ ಚೀಲ ಇಟ್ಟವಳೇ ಮಂಚದ ಬುಡದಲ್ಲಿ ಬಗ್ಗಿ ಕಾಲು ಮುಟ್ಟಲು ಹೋದಳು. ಕಲ್ಯಾಣಮ್ಮ ಕಾಲು ಎಳೆದುಕೊಂಡಳು.

"ಮುಟ್ಟಬೇಡ. ಇದು ಥೈರಾಯ್ಡ್ ಕಾಯಿಲೆ ಕಣೇ. ನಾನು ರೆಪ್ಪೆ ಹೊಡೀದೆ ಇದ್ದದ್ದು ನಿಷ್ಠೆಯಿಂದ ಅಲ್ಲ, ರೆಪ್ಪೆ ಇಳೀತಿರಲಿಲ್ಲ. ಸೆರಗು ಎಳ್ಕೊಂಡಿದ್ದು ಒಂದು ಕಣ್ಣು ಮುಚ್ಚಕ್ಕೆ. ನಂಗೆ ಎರಡು ಲಿಂಗ ಕಾಣ್ತಿತ್ತು."

ಪಕ್ಕದ ಮಂಚದ ಮುದುಕಿ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿ ನೋಡಿದಳು.

ಗುರುದೇವಿಯ ಮುಖ ಕೆಂಪಾಯಿತು. "ಹಂಗಾದ್ರೆ ನಾವು ನಾಲ್ಕು ತಿಂಗಳು ಕೈಮುಗಿದಿದ್ದು ಥೈರಾಯ್ಡಿಗಾ?"

"ಹೂಂ. ಹಾಜರಿನೂ ಹಾಕಿದೀಯ."

ಯಾರೋ ಕಿಸಕ್ಕನೆ ನಕ್ಕರು. ಗುರುದೇವಿ ನಗಲಿಲ್ಲ. ಮಂಚದ ಅಂಚಿಗೆ ಸರಿದು ಕಲ್ಯಾಣಮ್ಮನ ಕೈ ಹಿಡಿದಳು. "ಒಂದು ಮಾತು ಹೇಳಬಾರದಿತ್ತಾ ಅಕ್ಕ? ಅಷ್ಟು ದಿನ ಒಬ್ಬಳೇ ಹೆದರ್ಕೊಂಡು ಕೂತಿದ್ದೀಯಲ್ಲ."

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಗುರುದೇವಿ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದಳು. ಬರ್ತಿದ್ವಿ ಎಂದಿದ್ದರೆ ಸುಳ್ಳಾಗುತ್ತಿತ್ತು.

ಆಪರೇಷನ್ ಎರಡೂವರೆ ಗಂಟೆ ಹಿಡಿಯಿತು. ಮಾರನೇ ದಿನ ಪಟ್ಟಿ ತೆಗೆಯಲು ಚೈತನ್ಯಾ ಬಂದಾಗ ಕಲ್ಯಾಣಮ್ಮ ಕಣ್ಣು ಬಿಡಲಿಲ್ಲ. ಮುಖವೆಲ್ಲ ಊದಿ ಹಲಸಿನ ತೊಳೆಯಂತಾಗಿತ್ತು.

"ಬಿಡಿ ಅಮ್ಮ."

"ಕಾಣ್ದಿದ್ರೆ?"

"ಮುಚ್ಕೊಂಡಿದ್ರೆ ಹೇಗೂ ಕಾಣಲ್ಲ. ಬಿಡಿ."

ಬಿಟ್ಟಳು. ಮೊದಲು ಬೆಳಕು, ಆಮೇಲೆ ಮಂಜು, ಮಂಜಿನಲ್ಲಿ ಒಂದು ಬಿಳಿ ಕೋಟು. ಅಂದು ಎರಡು ಸಾಲು ಓದಿದಳು. ವಾರ ಕಳೆದು ಮೂರು. ತಿಂಗಳಿಗೆ ಐದನೇ ಸಾಲಿನ ಮೊದಲ ಎರಡು ಅಕ್ಷರ. ಅಲ್ಲಿಗೆ ನಿಂತಿತು. ಬಣ್ಣ ಬಂತು, ಪೂರ್ತಿಯಲ್ಲ. "ತಡ ಮಾಡಿ ಬಂದಿದ್ದಕ್ಕೆ ಇಷ್ಟು ಸಿಕ್ಕಿದ್ದೇ ದೊಡ್ಡದು" ಎಂದರು ಡಾಕ್ಟರ್. ಕನ್ನಡಕದ ಎಡಗಾಜಿಗೆ ಮಬ್ಬು ಟೇಪು ಅಂಟಿಸಿ, ಸದ್ಯಕ್ಕೆ ಎರಡು ಕಾಣದಂತೆ ಮಾಡಿದರು. ಹಗಲು ಗಂಟೆಗೊಮ್ಮೆ ಹನಿ ಔಷಧಿ, ಮಲಗುವಾಗ ಜೆಲ್ ಹಾಕಿ ರೆಪ್ಪೆ ಮೇಲೆ ಪ್ಲಾಸ್ಟರು, ತಲೆಗೆ ಎತ್ತರದ ದಿಂಬು. ಕಾಯಿಲೆ ತಣ್ಣಗಾಗಿ ಆರು ತಿಂಗಳು ಅಲುಗದೆ ನಿಂತ ಮೇಲೆ ಸ್ನಾಯುವಿನ ಆಪರೇಷನ್, ಅದಾದ ಮೇಲೆ ರೆಪ್ಪೆಯದು. ಜಂಬಣ್ಣ ಸಿಗರೇಟು ಬಿಟ್ಟ. ಎರಡು ಸಲ ಬಿಟ್ಟ. ಎರಡನೆಯದು ಇನ್ನೂ ನಡೆಯುತ್ತಿದೆ.

ಎಲ್ಲ ಕೇಳಿಕೊಂಡು ಏಳುವಾಗ ಕಲ್ಯಾಣಮ್ಮ ಕೇಳಿದಳು: "ಬಲಗಣ್ಣಿಗೂ ಹಿಂಗೇ ಆಗುತ್ತಾ?"

ಚೈತನ್ಯಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಆಗಬಹುದು. ಆಗದೇನೂ ಇರಬಹುದು. ವಾರಕ್ಕೊಂದು ಇಂಜೆಕ್ಷನ್ ಬರ್ದಿದೀನಲ್ಲ, ಆ ಕೋರ್ಸು ಅದಕ್ಕೇ. ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡ್ಕೊಳ್ಳಿ. ಮಬ್ಬು, ಬಣ್ಣ ಮಂಕು, ನೋವು, ಏನೇ ಇದ್ರೂ ಅವತ್ತೇ ಬನ್ನಿ. ಹೆದರ್ಕೋಬೇಡಿ."

ಕಡೆಯ ಮಾತು ಡಾಕ್ಟರುಗಳು ಅಭ್ಯಾಸದಿಂದ ಹೇಳುವುದು. ಕಲ್ಯಾಣಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗೆ ಜಂಬಣ್ಣ ಆಟೋ ನಿಲ್ಲಿಸಿದ್ದ. ಒಂದು ಕಾಲು ಒಳಗಿಟ್ಟವಳು ಹಿಂದಕ್ಕೆ ತೆಗೆದಳು.

"ಮುಂದಿನ ವಾರದ ಇಂಜೆಕ್ಷನ್ನಿಗೆ ಹೆಸರು ಬರೆಸಿಲ್ಲ ಕಣ್ರೀ."

"ಬಂದ ದಿನ ಬರೆಸಿದ್ರಾಯ್ತು, ಹತ್ತೇ. ಸಾಲು ನೋಡು ಎಷ್ಟಿದೆ."

"ಅವತ್ತೊಂದು ಚೀಟಿ ಕ್ಯಾಲೆಂಡರ್ ಹಿಂದೆ ಇಟ್ಟು ಸಾಕಾಗಿದೆ. ನೀವು ಆಟೋ ಕಳಿಸಿ" ಎಂದು ಕನ್ನಡಕ ಸರಿಮಾಡಿಕೊಂಡು, ಗೋಡೆ ಹಿಡಿದು ಒಳಗೆ ನಡೆದಳು. ಸಾಲಿನಲ್ಲಿ ಅವಳ ಮುಂದೆ ಹದಿನಾರು ಜನರಿದ್ದರು.